ಮದ್ದಿನ ಜೊತೆ ಮಾತು: ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಸಮ್ಮೋಹನ

ಕ್ಯಾನ್ಸರ್ ಗಡ್ಡೆ ತೆಗೆಸಿಕೊಳ್ಳಬೇಕಾದವರನ್ನು ರೋಗದ ಭಯದ ಜೊತೆಗೆ ಅರಿವಳಿಕೆಯ ಭಯವೂ ಕಾಡುತ್ತದೆ. ಮತ್ತು ಬರಿಸಿದ ಮೇಲೆ ಎಚ್ಚರವೇ ಆಗದಿದ್ದರೆ ಎಂಬ ಆತಂಕವನ್ನು ವೈದ್ಯರ ಮುಂದೆ ಬಾಯಿಬಿಟ್ಟು ಹೇಳುವವರು ಕಡಿಮೆ, ಮನೆಯವರ ಹತ್ತಿರ ತೋಡಿಕೊಳ್ಳುವವರೇ ಹೆಚ್ಚು. ಹೀಗಿರುವಾಗ, ಅರಿವಳಿಕೆ ಕೊಡದೆ ಸಮ್ಮೋಹನದ ಬಲದಿಂದಲೇ ಕ್ಯಾನ್ಸರ್ ಗಡ್ಡೆ ತೆಗೆದರು ಎಂಬ ಸುದ್ದಿ ಬೆಲ್ಜಿಯಂನಿಂದಲೋ ಫ್ರಾನ್ಸ್‌ನಿಂದಲೋ ಆಗಾಗ ಬರುತ್ತದೆ. ಓದಿದವರಲ್ಲಿ ಕೆಲವರು ಅದನ್ನು ಪವಾಡವೆಂದು ನಂಬುತ್ತಾರೆ, ಕೆಲವರು ಬೂಟಾಟಿಕೆಯೆಂದು ತಳ್ಳಿಹಾಕುತ್ತಾರೆ. ಆ ಆಸ್ಪತ್ರೆಗಳಲ್ಲಿ ನಿಜವಾಗಿ ನಡೆಯುವುದು ಇವೆರಡೂ ಅಲ್ಲ. ಅದನ್ನು ಸರಿಯಾಗಿ ತಿಳಿಯಬೇಕಾದರೆ ಸುಮಾರು ಎರಡು ಶತಮಾನಗಳ ಚರಿತ್ರೆಯನ್ನೂ ಕಳೆದ ಮೂವತ್ತು ವರ್ಷಗಳ ಸಂಶೋಧನೆಯನ್ನೂ ಒಟ್ಟಿಗೆ ನೋಡಬೇಕು. ಹಾಗೆ ನೋಡಿದಾಗ ನನಗೆ ಮುಖ್ಯವಾಗಿ ಕಾಣುವ ಸಂಗತಿ ಇದು: ಸಮ್ಮೋಹನವು ಒಬ್ಬರು ಇನ್ನೊಬ್ಬರ ಮೇಲೆ ಬೀರುವ ಶಕ್ತಿಯಲ್ಲ, ರೋಗಿಯ ಒಳಗೇ ಇರುವ ಸಾಮರ್ಥ್ಯ. ಈ ತಿಳಿವಳಿಕೆ ಬರುವತನಕ ಅದು ವೈದ್ಯಕೀಯದ ಹೊರಗೇ ಉಳಿದಿತ್ತು. ಬಂದ ಮೇಲೆ ಅದರ ಪ್ರಯೋಜನ ಎಷ್ಟು, ಮಿತಿ ಎಲ್ಲಿ ಎಂಬುದೂ ಸ್ಪಷ್ಟವಾಗತೊಡಗಿತು.

ಅರಿವಳಿಕೆ ಮಾಡುವ ಕೆಲಸ

ಪೂರ್ಣ ಅರಿವಳಿಕೆಯಲ್ಲಿ ಹಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ರೋಗಿಗೆ ಪ್ರಜ್ಞೆ ಇರುವುದಿಲ್ಲ, ನಡೆದದ್ದು ನೆನಪಿನಲ್ಲಿ ಉಳಿಯುವುದಿಲ್ಲ, ನೋವಿನ ಸಂಕೇತಗಳಿಗೆ ದೇಹ ಪ್ರತಿಕ್ರಿಯಿಸುವುದಿಲ್ಲ, ಅಗತ್ಯವಿದ್ದಾಗ ಸ್ನಾಯುಗಳು ಪೂರ್ತಿ ಸಡಿಲಗೊಳ್ಳುತ್ತವೆ. ಸ್ನಾಯು ಸಡಿಲಿಸುವ ಮದ್ದು ಕೊಟ್ಟರೆ ಉಸಿರಾಟದ ಭಾರವನ್ನು ಯಂತ್ರ ಹೊರುತ್ತದೆ. ಹೊಟ್ಟೆ ತೆರೆದು ಕರುಳಿನ ಗಡ್ಡೆ ತೆಗೆಯುವಾಗ, ಎದೆಗೂಡು ತೆರೆದು ಶ್ವಾಸಕೋಶದ ಭಾಗ ಕತ್ತರಿಸುವಾಗ ಇದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ. ಇಂದಿನ ಪೂರ್ಣ ಅರಿವಳಿಕೆ ಬಹಳ ಸುರಕ್ಷಿತವೂ ಹೌದು. ಆದರೂ ಎಚ್ಚರವಾದ ಮೇಲೆ ವಾಕರಿಕೆ, ವಾಂತಿ, ಗಂಟಲು ನೋವು, ಮಂಪರು, ದಿನಗಟ್ಟಲೆ ಬಿಡದ ಆಯಾಸ ಹಲವರನ್ನು ಕಾಡುತ್ತವೆ. ವಯಸ್ಸಾದವರಲ್ಲಿ ಕೆಲವರಿಗೆ ಒಂದಷ್ಟು ಕಾಲ ಗೊಂದಲವೂ ಆಗುತ್ತದೆ. ಎಲ್ಲ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೂ ಇಷ್ಟೆಲ್ಲ ಬೇಕೇ, ಸ್ತನದ ಸಣ್ಣ ಗಡ್ಡೆಯನ್ನೋ ಥೈರಾಯ್ಡ್ ಗ್ರಂಥಿಯನ್ನೋ ತೆಗೆಯುವಾಗ ಬೇರೆ ದಾರಿ ಇದೆಯೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದ.

ಸಮ್ಮೋಹನ ನಿದ್ರೆಯಲ್ಲ. ಗಮನವು ಒಂದೇ ಕಡೆ ಆಳವಾಗಿ ನೆಟ್ಟು, ಸುತ್ತಲಿನ ಜಗತ್ತು ದೂರ ಸರಿದು, ಕೇಳಿದ ಸೂಚನೆಗೆ ಮನಸ್ಸು ಎಂದಿಗಿಂತ ಹೆಚ್ಚು ತೆರೆದುಕೊಳ್ಳುವ ಸ್ಥಿತಿ ಅದು. ಆ ಹೊತ್ತಿನಲ್ಲಿ ರೋಗಿ ಮಾತು ಕೇಳಿಸಿಕೊಳ್ಳಬಲ್ಲರು, ಉತ್ತರಿಸಬಲ್ಲರು, ಬೇಡವೆನಿಸಿದರೆ ಹೊರಬರಬಲ್ಲರು.

ಪ್ಯಾರಿಸ್‌ನಿಂದ ಹೂಗ್ಲಿಗೆ

ಸಮ್ಮೋಹನದ ಮೂಲಪುರುಷ ಎನ್ನಿಸಿಕೊಂಡ ಫ್ರಾಂಜ್ ಆಂಟನ್ ಮೆಸ್ಮರ್ ತನ್ನ ದೇಹದಿಂದ ‘ಪ್ರಾಣಿಕಾಂತ ಶಕ್ತಿ’ಯೊಂದು ಹರಿದು ರೋಗಿಯನ್ನು ಗುಣಪಡಿಸುತ್ತದೆ ಎಂದು ನಂಬಿದ್ದ. 1784ರಲ್ಲಿ ಫ್ರಾನ್ಸಿನ ದೊರೆ ನೇಮಿಸಿದ ಆಯೋಗ ಅದನ್ನು ಪರೀಕ್ಷಿಸಿತು. ಬೆಂಜಮಿನ್ ಫ್ರಾಂಕ್ಲಿನ್, ರಸಾಯನಶಾಸ್ತ್ರಜ್ಞ ಲವಾಸಿಯೆ ಅದರ ಸದಸ್ಯರಾಗಿದ್ದರು. ಅಂಥ ಶಕ್ತಿ ಯಾವುದೂ ಇಲ್ಲ, ಕಂಡ ಪರಿಣಾಮಗಳೆಲ್ಲ ಕಲ್ಪನೆಯ ಫಲ ಎಂದು ಆಯೋಗ ತೀರ್ಮಾನಿಸಿತು. ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಕಲ್ಪನೆಗೆ ದೇಹದ ಮೇಲೆ ಅಷ್ಟು ಪರಿಣಾಮ ಹೇಗೆ ಬಂತು ಎಂದು ಮುಂದೆ ವಿಚಾರಿಸುವ ಗೋಜಿಗೆ ವೈದ್ಯಲೋಕ ಬಹುಕಾಲ ಹೋಗಲಿಲ್ಲ.

ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೂ ಈ ವಿದ್ಯೆಗೂ ನಂಟು ಬೆಳೆದದ್ದು ಅರಿವಳಿಕೆಯ ಮದ್ದುಗಳು ಹುಟ್ಟುವ ಮೊದಲೇ. 1829ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಶಸ್ತ್ರವೈದ್ಯ ಜೂಲ್ ಕ್ಲೊಕೆ 64 ವರ್ಷದ ಮದಾಮ್ ಪ್ಲಾಂಟಿನ್ ಅವರ ಕ್ಯಾನ್ಸರ್ ತಗುಲಿದ ಸ್ತನವನ್ನು ‘ಕಾಂತ ನಿದ್ರೆ’ಯಲ್ಲಿ ಕತ್ತರಿಸಿ ತೆಗೆದರು. ಆಕೆ ಉದ್ದಕ್ಕೂ ಶಾಂತವಾಗಿ ಮಾತಾಡುತ್ತಿದ್ದರು, ನೋವಿನ ಲಕ್ಷಣ ಕಾಣಲಿಲ್ಲ ಎಂದು ಕ್ಲೊಕೆ ವೈದ್ಯಕೀಯ ಅಕಾಡೆಮಿಗೆ ವರದಿ ಮಾಡಿದರು. ನೋವಿಲ್ಲದೆ ಶಸ್ತ್ರಚಿಕಿತ್ಸೆ ಸಾಧ್ಯ ಎಂಬುದನ್ನೇ ನಂಬದ ಕಾಲ ಅದು. ಅಕಾಡೆಮಿಯ ಹಿರಿಯರಲ್ಲಿ ಹಲವರು, ಆಕೆ ನೋವನ್ನು ಬಚ್ಚಿಟ್ಟಿರಬೇಕು ಎಂದೇ ವಾದಿಸಿದರು. ಕೆಲವು ದಿನಗಳ ನಂತರ ಎದೆಯೊಳಗಿನ ಉರಿಯೂತದಿಂದ ಆಕೆ ತೀರಿಕೊಂಡರು. ಆಕೆಯ ಅನುಭವ ಏನಿತ್ತೆಂಬುದು ಆಕೆಯದೇ ಮಾತಿನಲ್ಲಿ ವೈದ್ಯಲೋಕಕ್ಕೆ ಮುಟ್ಟಲಿಲ್ಲ. ವಾದ ಮಾತ್ರ ವೈದ್ಯರ ನಡುವೆ ಮುಂದುವರಿಯಿತು.

ನಮ್ಮ ದೇಶದ ಅಧ್ಯಾಯ ಇದಕ್ಕಿಂತ ದೊಡ್ಡದು. ಈಸ್ಟ್ ಇಂಡಿಯಾ ಕಂಪನಿಯ ಸ್ಕಾಟ್ ವೈದ್ಯ ಜೇಮ್ಸ್ ಎಸ್‌ಡೈಲ್ ಬಂಗಾಳದ ಹೂಗ್ಲಿಯಲ್ಲಿದ್ದರು. ಮೆಸ್ಮರನ ವಿದ್ಯೆಯನ್ನು ಓದಿ ಮಾತ್ರ ತಿಳಿದಿದ್ದ ಅವರು 1845ರ ಏಪ್ರಿಲ್ 4ರಂದು ವೃಷಣದಲ್ಲಿ ನೀರು ತುಂಬಿ ನರಳುತ್ತಿದ್ದ ಕೈದಿಯೊಬ್ಬನ ಮೇಲೆ ಅದನ್ನು ಪ್ರಯೋಗಿಸಿದರು. ಆಮೇಲೆ ಆನೆಕಾಲು ರೋಗದಿಂದ ವೃಷಣ ಚೀಲದಲ್ಲಿ ಬೆಳೆದ ಭಾರಿ ಗಡ್ಡೆಗಳನ್ನು ಸಾಲುಸಾಲಾಗಿ ತೆಗೆದರು. ಕ್ಯಾನ್ಸರ್ ಗಡ್ಡೆಗಳೂ ಅವರ ಪಟ್ಟಿಯಲ್ಲಿದ್ದವು. ಕತ್ತಲು ಮಾಡಿದ ಕೋಣೆಯಲ್ಲಿ ಆಸ್ಪತ್ರೆಯ ಸ್ಥಳೀಯ ಸಹಾಯಕರು ರೋಗಿಯ ಮೈಮೇಲೆ ಗಂಟೆಗಟ್ಟಲೆ ಕೈಯಾಡಿಸುತ್ತಿದ್ದರು. ರೋಗಿ ಮರಗಟ್ಟಿದಂತಾದ ಮೇಲೆ ಎಸ್‌ಡೈಲ್ ಬಂದು ಕತ್ತಿ ಹಿಡಿಯುತ್ತಿದ್ದರು. 1846ರಲ್ಲಿ ಬಂಗಾಳ ಸರ್ಕಾರ ಸಮಿತಿಯೊಂದನ್ನು ನೇಮಿಸಿ ಪರೀಕ್ಷೆ ನಡೆಸಿತು. ಕೆಲವರ ಮೇಲೆ ಏನೂ ಪರಿಣಾಮವಾಗಲಿಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಕೆಲವರು ಮೈ ಅಲುಗಾಡಿಸಿದರೂ ಎದ್ದ ಮೇಲೆ ನೋವಿನ ನೆನಪಿಲ್ಲ ಎಂದರು. ಸಮಿತಿ ಹೀಗೆ ಮಿಶ್ರ ವರದಿ ಕೊಟ್ಟರೂ ಕಲ್ಕತ್ತೆಯಲ್ಲಿ ಒಂದು ವರ್ಷದ ಮಟ್ಟಿಗೆ ಪುಟ್ಟ ಆಸ್ಪತ್ರೆಯೊಂದು ಎಸ್‌ಡೈಲ್‌ಗೆ ಸಿಕ್ಕಿತು.

ಎಸ್‌ಡೈಲ್ ಕೈಯಲ್ಲಿ ಸಾವಿನ ಪ್ರಮಾಣ ಶೇ 50ರಿಂದ ಶೇ 5ಕ್ಕೆ ಇಳಿಯಿತು ಎಂಬ ಮಾತು ಸಮ್ಮೋಹನದ ಪುಸ್ತಕಗಳಲ್ಲಿ ಇಂದಿಗೂ ಓಡಾಡುತ್ತದೆ. ಇಂದಿನ ಅರ್ಥದ ಹೋಲಿಕೆಯ ಗುಂಪು ಆಗ ಇರಲಿಲ್ಲವಾದ್ದರಿಂದ ಆ ಅಂಕಿಯನ್ನು ಪುರಾವೆಯಾಗಿ ಹಿಡಿಯಬಾರದು. ಅದಕ್ಕಿಂತ ಗಂಭೀರವಾದ ಪ್ರಶ್ನೆ ಇನ್ನೊಂದಿದೆ. ಅವರ ರೋಗಿಗಳಲ್ಲಿ ಕೈದಿಗಳಿದ್ದರು, ಕಡುಬಡವರಿದ್ದರು. ತಮ್ಮ ಮೇಲೆ ಏನು ನಡೆಯಲಿದೆ ಎಂಬುದನ್ನು ತಿಳಿಸದಿದ್ದರೆ ಒಳ್ಳೆಯದು ಎಂದೇ ಎಸ್‌ಡೈಲ್ ಭಾವಿಸಿದ್ದರು. ಆಳುವವರ ಮುಂದೆ ನೋವಾಯಿತು ಎಂದು ಹೇಳುವ ಧೈರ್ಯ ಒಬ್ಬ ಕೈದಿಗೆ ಎಷ್ಟಿದ್ದೀತು? ಎಸ್‌ಡೈಲ್ ಹಲವರ ಯಾತನೆಯನ್ನು ತಗ್ಗಿಸಿದ್ದು ನಿಜವಿರಬಹುದು. ಆದರೆ ಅಲ್ಲಿ ಶಕ್ತಿಯೆಲ್ಲ ವೈದ್ಯನದು, ರೋಗಿ ಬರೀ ಮೈ ಎಂಬ ಭಾವವೇ ಆಳುತ್ತಿತ್ತು.

1846ರ ಅಕ್ಟೋಬರ್ 16ರಂದು ಬಾಸ್ಟನ್‌ನಲ್ಲಿ ವಿಲಿಯಂ ಮಾರ್ಟನ್ ಈಥರ್ ಕೊಟ್ಟು ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ತೋರಿಸಿದರು. ಮರುವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಕ್ಲೋರೋಫಾರ್ಮ್ ತಂದರು. ಗಂಟೆಗಟ್ಟಲೆ ಹಿಡಿಯುತ್ತಿದ್ದ, ಹಿಡಿದರೂ ಕೈಕೊಡಬಹುದಾಗಿದ್ದ ವಿದ್ಯೆಯನ್ನು ನಿಮಿಷಗಳಲ್ಲಿ ಕೆಲಸ ಮಾಡುವ ಮದ್ದು ಬದಿಗೆ ಸರಿಸಿದ್ದು ನ್ಯಾಯವೇ. ಅದೇ ಕಾಲದಲ್ಲಿ ಮ್ಯಾಂಚೆಸ್ಟರ್‌ನ ಜೇಮ್ಸ್ ಬ್ರೈಡ್, 1843ರ ತಮ್ಮ ಪುಸ್ತಕದಲ್ಲಿ ಇದು ಕಾಂತಶಕ್ತಿಯೂ ಅಲ್ಲ, ಮೋಸವೂ ಅಲ್ಲ, ಗಮನದ ಏಕಾಗ್ರತೆಯಿಂದ ನರಮಂಡಲದಲ್ಲಿ ಆಗುವ ಬದಲಾವಣೆ ಎಂದು ಬರೆದಿದ್ದರು. ಕೆಲಸ ನಡೆಯುವುದು ರೋಗಿಯ ಒಳಗೆ ಎಂಬ ತಿರುವು ಅಲ್ಲಿ ಸಿಕ್ಕಿತು. ಆಪರೇಷನ್ ಥಿಯೇಟರ್‌ನಲ್ಲಿ ಅದಕ್ಕೆ ಭದ್ರವಾದ ಜಾಗ ಸಿಗಲು ಮಾತ್ರ ಇನ್ನೂ ಒಂದೂವರೆ ಶತಮಾನ ಹಿಡಿಯಿತು.

ಲೀಯೆಜ್ ತೋರಿಸಿದ ದಾರಿ

1992ರಲ್ಲಿ ಬೆಲ್ಜಿಯಂನ ಲೀಯೆಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞೆ ಮೇರಿ-ಎಲಿಜಬೆತ್ ಫೇಮನ್‌ವಿಲ್ ಹೊಸ ಕ್ರಮವೊಂದನ್ನು ಆರಂಭಿಸಿದರು. ಅದನ್ನು ‘ಹಿಪ್ನೋಸೆಡೇಷನ್’ ಎನ್ನುತ್ತಾರೆ. ಸುದ್ದಿಗಳಲ್ಲಿ ಬಿಟ್ಟುಹೋಗುವ ಅಂಶ ಇಲ್ಲೇ ಇದೆ: ಇದು ಮದ್ದಿಲ್ಲದ ಶಸ್ತ್ರಚಿಕಿತ್ಸೆ ಅಲ್ಲ. ಕುಯ್ಯುವ ಜಾಗಕ್ಕೆ ಲಿಡೋಕೇನ್‌ನಂಥ ಮರಗಟ್ಟಿಸುವ ಮದ್ದನ್ನು ಚುಚ್ಚುತ್ತಾರೆ. ರಕ್ತನಾಳದ ಮೂಲಕ ರೆಮಿಫೆಂಟನಿಲ್‌ನಂಥ ನೋವುನಿವಾರಕವನ್ನು ಸಣ್ಣ ಪ್ರಮಾಣದಲ್ಲಿ, ಬೇಕಾದಷ್ಟೇ ಹರಿಸುತ್ತಾರೆ. ಇವೆರಡರ ಜೊತೆ ಮೂರನೆಯದಾಗಿ ಸಮ್ಮೋಹನ ಸೇರುತ್ತದೆ. ಹೃದಯಬಡಿತ, ರಕ್ತದೊತ್ತಡ, ಆಮ್ಲಜನಕದ ನಿಗಾ ಎಂದಿನಂತೆಯೇ ಇರುತ್ತದೆ. ಯಾವ ಕ್ಷಣದಲ್ಲಾದರೂ ಪೂರ್ಣ ಅರಿವಳಿಕೆಗೆ ಹೊರಳಲು ಎಲ್ಲವೂ ಸಿದ್ಧವಿರುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಅರಿವಳಿಕೆ ತಜ್ಞರು ರೋಗಿಯನ್ನು ಕಂಡು, ಅವರಿಗೆ ತುಂಬ ಸುಖ ಕೊಟ್ಟ ನೆನಪು ಯಾವುದೆಂದು ಕೇಳುತ್ತಾರೆ. ಅದು ಸಮುದ್ರತೀರವಿರಬಹುದು, ತೋಟದ ಕೆಲಸವಿರಬಹುದು, ಪ್ರವಾಸವಿರಬಹುದು. ಟೇಬಲ್ ಮೇಲೆ ಮಲಗಿದ ಮೇಲೆ ಒಂದು ಬಿಂದುವಿನ ಮೇಲೆ ನೋಟ ನೆಡಲು, ಮೈಯನ್ನು ಒಂದೊಂದಾಗಿ ಸಡಿಲಿಸಲು ಮೆಲುದನಿಯಲ್ಲಿ ಹೇಳುತ್ತ ಆ ನೆನಪಿನೊಳಗೆ ಕರೆದೊಯ್ಯುತ್ತಾರೆ. ಅಲ್ಲಿನ ಬಣ್ಣ, ವಾಸನೆ, ಗಾಳಿಯ ತಂಪು ಎಲ್ಲವನ್ನೂ ರೋಗಿಯೇ ಮತ್ತೆ ಅನುಭವಿಸುತ್ತಾರೆ. ತಜ್ಞರು ಕೊನೆಯವರೆಗೂ ತಲೆಯ ಬಳಿಯಿಂದ ಕದಲುವುದಿಲ್ಲ. ಶಸ್ತ್ರವೈದ್ಯರೂ ತಮ್ಮ ರೀತಿ ಬದಲಿಸಿಕೊಳ್ಳಬೇಕು: ಕೈ ಹಗುರವಾಗಿರಬೇಕು, ಅಂಗಾಂಶವನ್ನು ಜಗ್ಗಬಾರದು, ದನಿ ತಗ್ಗಿಸಬೇಕು. ಉಪಕರಣಗಳ ಖಣಖಣ, ಫೋನಿನ ರಿಂಗಣ, ಹರಟೆ ಅಲ್ಲಿ ಸಲ್ಲವು.

1999ರಲ್ಲಿ ಲೀಯೆಜ್ ತಂಡ ಪ್ರಕಟಿಸಿದ ವರದಿಯಲ್ಲಿ 197 ಥೈರಾಯ್ಡ್ ಮತ್ತು 21 ಪ್ಯಾರಾಥೈರಾಯ್ಡ್ ಶಸ್ತ್ರಚಿಕಿತ್ಸೆಗಳ ಲೆಕ್ಕವಿದೆ. ಪೂರ್ಣ ಅರಿವಳಿಕೆಗೆ ಹೊರಳಬೇಕಾಗಿ ಬಂದದ್ದು ಎರಡರಲ್ಲಿ ಮಾತ್ರ. ಮುಂದೆ ಈ ಕ್ರಮ ಬ್ರಸೆಲ್ಸ್‌ನ ಸೇಂಟ್-ಲ್ಯೂಕ್ ಆಸ್ಪತ್ರೆಯಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೂ ಬಂತು. ಪ್ಯಾರಿಸ್‌ನ ಕ್ಯೂರಿ ಸಂಸ್ಥೆಯೂ ಅದನ್ನು ಕೈಗೆತ್ತಿಕೊಂಡಿತು. 2014ರಲ್ಲಿ ಪ್ಯಾರಿಸ್ ಬಳಿಯ ಕ್ರೆತೈನಲ್ಲಿ ಗಿನಿ ಮೂಲದ ಗಾಯಕಿ ಅಲಾಮಾ ಕಾಂಟೆ ಅವರ ಕತ್ತಿನಿಂದ ಪ್ಯಾರಾಥೈರಾಯ್ಡ್ ಗಡ್ಡೆ ತೆಗೆಯುವಾಗ, ಧ್ವನಿಯ ನರಕ್ಕೆ ಪೆಟ್ಟಾಗುತ್ತಿಲ್ಲ ಎಂಬುದನ್ನು ತಿಳಿಯಲು ಆಕೆಯನ್ನು ಸಮ್ಮೋಹನದಲ್ಲಿಯೇ ಹಾಡಿಸಿದರು. ಪೂರ್ಣ ಅರಿವಳಿಕೆಯಲ್ಲಿ ಇದು ಸಾಧ್ಯವೇ ಇರಲಿಲ್ಲ.

ಮಿದುಳಿನ ಗಡ್ಡೆಯ ವಿಷಯದಲ್ಲಿ ಈ ಅನುಕೂಲಕ್ಕೆ ಇನ್ನೂ ಹೆಚ್ಚಿನ ಬೆಲೆಯಿದೆ. ಮಾತು ಅಥವಾ ಚಲನೆಯ ಕೇಂದ್ರಗಳ ಸಮೀಪ ಗ್ಲಯೋಮ ಎಂಬ ಬಗೆಯ ಗಡ್ಡೆ ಬೆಳೆದಾಗ ರೋಗಿಯನ್ನು ಎಚ್ಚರವಾಗಿಟ್ಟು, ಮಾತಾಡಿಸುತ್ತಲೇ ಗಡ್ಡೆಯನ್ನು ಕತ್ತರಿಸುವ ಕ್ರಮ ಮೊದಲೇ ಇದೆ. ಅದಕ್ಕಾಗಿ ಮೊದಲು ಮತ್ತು ಬರಿಸಿ, ನಡುವೆ ಎಬ್ಬಿಸಿ, ಮತ್ತೆ ಮಲಗಿಸುವುದು ವಾಡಿಕೆ. ಫ್ರಾನ್ಸಿನ ಟೂರ್ ನಗರದ ತಂಡ ಇದರ ಬದಲು ಸಮ್ಮೋಹನವನ್ನು ಬಳಸಿ 2016ರಲ್ಲಿ 37 ರೋಗಿಗಳ ಅನುಭವವನ್ನು ಪ್ರಕಟಿಸಿತು. ಆರು ಮಂದಿಯಲ್ಲಿ ಅದು ಫಲಿಸಲಿಲ್ಲ. ತಲೆಬುರುಡೆ ತೆರೆಯುವಂಥ ಸಂದರ್ಭದಲ್ಲೂ ಉಳಿದವರು ಅದನ್ನು ತಾಳಿಕೊಂಡದ್ದು ದೊಡ್ಡ ಸಂಗತಿ.

ಮಿದುಳಿನಲ್ಲಿ ಆಗುವುದೇನು

ರೋಗಿ ನೋವನ್ನು ಸುಮ್ಮನೆ ನುಂಗಿಕೊಳ್ಳುತ್ತಾರೆ ಎಂಬ ಹಳೆಯ ಆರೋಪಕ್ಕೆ ಉತ್ತರ ಸಿಕ್ಕಿದ್ದು ಮಿದುಳಿನ ಸ್ಕ್ಯಾನ್‌ಗಳಿಂದ. 1997ರಲ್ಲಿ ಮಾಂಟ್ರಿಯಲ್‌ನ ಪಿಯರ್ ರೈನ್‌ವಿಲ್ ಮತ್ತು ಸಂಗಡಿಗರು ಸಮ್ಮೋಹನಕ್ಕೊಳಗಾದವರ ಕೈಯನ್ನು ಬಿಸಿನೀರಿನಲ್ಲಿ ಇರಿಸಿದರು. ನೋವು ಅಷ್ಟೇನೂ ಅಸಹನೀಯವಲ್ಲ ಎಂಬ ಸೂಚನೆ ಕೊಟ್ಟಾಗ ಮಿದುಳಿನ ಮುಂಭಾಗದ ಸಿಂಗುಲೇಟ್ ಪ್ರದೇಶದ ಚಟುವಟಿಕೆ ತಗ್ಗಿತು, ಅಸಹನೀಯ ಎಂದಾಗ ಏರಿತು. ನೋವು ಎಲ್ಲಿ, ಎಷ್ಟು ಎಂಬುದನ್ನು ಗ್ರಹಿಸುವ ಸಂವೇದನಾ ಪ್ರದೇಶ ಹಾಗೆ ಬದಲಾಗಲಿಲ್ಲ. ಲೀಯೆಜ್ ತಂಡ 2000ದಲ್ಲಿ ಪ್ರಕಟಿಸಿದ ಅಧ್ಯಯನವೂ ಸಿಂಗುಲೇಟ್ ಪ್ರದೇಶದ ಪಾತ್ರವನ್ನೇ ತೋರಿಸಿತು. ಅಂದರೆ ಸಂಕೇತ ಮಿದುಳಿಗೆ ತಲುಪಿದರೂ ಅದಕ್ಕೆ ಅಂಟಿದ ಸಂಕಟವನ್ನು ಮನಸ್ಸು ಬೇರ್ಪಡಿಸಬಲ್ಲದು. ಆದರೆ ಸಂಕೇತವನ್ನೇ ತಡೆಯುವ ಮರಗಟ್ಟಿಸುವ ಮದ್ದಿನ ಅಗತ್ಯ ಏಕೆ ಉಳಿದಿದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಎರಡೂ ಒಂದೇ ನೋವಿನ ಬೇರೆ ಬೇರೆ ಮಜಲುಗಳ ಮೇಲೆ ಕೆಲಸ ಮಾಡುತ್ತವೆ.

ಪುರಾವೆ ಎಷ್ಟು ಗಟ್ಟಿ

ಇಲ್ಲಿಂದ ಮುಂದೆ ಎಚ್ಚರಿಕೆಯಿಂದ ಹೆಜ್ಜೆ ಇಡಬೇಕು. ಪೂರ್ಣ ಅರಿವಳಿಕೆಯ ಬದಲಿಗೆ ಸಮ್ಮೋಹನ ಎಂಬ ವಾದಕ್ಕೆ ಆಧಾರವಾದ ವರದಿಗಳಲ್ಲಿ ಹೆಚ್ಚಿನವು ಒಂದೊಂದು ಆಸ್ಪತ್ರೆಯ ಅನುಭವದ ದಾಖಲೆಗಳು. ಬ್ರಸೆಲ್ಸ್ ತಂಡದ ಅಧ್ಯಯನದಲ್ಲಿ ಹಿಪ್ನೋಸೆಡೇಷನ್ ಪಡೆದ ಮಹಿಳೆಯರಿಗೆ ಆಯಾಸ ಕಡಿಮೆಯಿತ್ತು, ಮುಂದಿನ ಕಿಮೋಥೆರಪಿ ಮತ್ತು ವಿಕಿರಣ ಚಿಕಿತ್ಸೆಯ ಕೆಲವು ಅಡ್ಡಪರಿಣಾಮಗಳೂ ಕಡಿಮೆಯಿದ್ದವು. ಆದರೆ ಯಾವ ಕ್ರಮ ಬೇಕೆಂದು ಆಯ್ದುಕೊಂಡವರು ಆ ಮಹಿಳೆಯರೇ. ಸಮ್ಮೋಹನವನ್ನು ಆಯ್ದುಕೊಳ್ಳುವ ಧೈರ್ಯ, ಭರವಸೆ ಇರುವವರು ಮುಂದಿನ ಚಿಕಿತ್ಸೆಯನ್ನೂ ಬೇರೆ ರೀತಿಯಲ್ಲಿ ಎದುರಿಸಿರಬಹುದು. ಚೀಟಿ ಎತ್ತಿದಂತೆ ಗುಂಪು ಮಾಡಿ ಹೋಲಿಸಿದಾಗ ಮಾತ್ರ ಈ ಅನುಮಾನ ಹೋಗುತ್ತದೆ.

ಅಂಥ ಹೋಲಿಕೆಗಳು ನಡೆದಿರುವುದು ಹೆಚ್ಚಾಗಿ ಅರಿವಳಿಕೆಯ ಜೊತೆಗೆ ಸಮ್ಮೋಹನ ಎಂಬ ಪ್ರಶ್ನೆಯ ಮೇಲೆ. ನ್ಯೂಯಾರ್ಕ್‌ನ ಮೌಂಟ್ ಸಿನಾಯ್‌ನಲ್ಲಿ ಗೈ ಮಾಂಟ್‌ಗೊಮರಿ ತಂಡ ಸ್ತನದ ಬಯಾಪ್ಸಿ ಅಥವಾ ಗಡ್ಡೆ ತೆಗೆಸಿಕೊಳ್ಳುವ 200 ಮಹಿಳೆಯರ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇವುಗಳಲ್ಲಿ ಪ್ರಸಿದ್ಧ. ಶಸ್ತ್ರಚಿಕಿತ್ಸೆಗೆ ಮೊದಲು 15 ನಿಮಿಷ ಸಮ್ಮೋಹನ ಪಡೆದವರಿಗೆ ಪ್ರೊಪೊಫಾಲ್ ಎಂಬ ಅರಿವಳಿಕೆಯ ಮದ್ದು ಮತ್ತು ಲಿಡೋಕೇನ್ ಕಡಿಮೆ ಸಾಕಾದವು, ನೋವು, ವಾಕರಿಕೆ, ಆಯಾಸ ಕಡಿಮೆಯಾದವು, ಒಬ್ಬೊಬ್ಬರಿಗೆ ಆಸ್ಪತ್ರೆಯ ಖರ್ಚಿನಲ್ಲಿ ಸುಮಾರು 770 ಡಾಲರ್ ಉಳಿಯಿತು. ಇದಕ್ಕೆ ವ್ಯತಿರಿಕ್ತವಾಗಿ 2018ರಲ್ಲಿ ಪ್ರಕಟವಾದ ಫ್ರಾನ್ಸಿನ ‘ಹಿಪ್ನೋಸೆನ್’ ಪ್ರಯೋಗದಲ್ಲಿ, ಸಣ್ಣ ಸ್ತನ ಶಸ್ತ್ರಚಿಕಿತ್ಸೆಗೆ ಪೂರ್ಣ ಅರಿವಳಿಕೆ ಕೊಡುವ ಮೊದಲು ನೀಡಿದ ಸಮ್ಮೋಹನದಿಂದ ನಂತರದ ಸ್ತನದ ನೋವು ತಗ್ಗಲಿಲ್ಲ. ಫ್ರಾನ್ಸಿನ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆ ಇನ್‌ಸರ್ಮ್ 2015ರಲ್ಲಿ ಎಲ್ಲ ಪುರಾವೆಗಳನ್ನು ತೂಗಿ, ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಮದ್ದಿನ ಪ್ರಮಾಣ ತಗ್ಗಿಸಲು ಸಮ್ಮೋಹನ ಪ್ರಯೋಜನಕಾರಿ ಆಗಬಹುದು ಎಂದಿತ್ತು. ಅದಕ್ಕಿಂತ ದೊಡ್ಡ ಮಾತು ಆಡಲು ಇವತ್ತಿಗೂ ಆಧಾರ ಸಾಲದು.

ಬರೀ ಸಹಾನುಭೂತಿಯ ಮಾತಿನಿಂದಲೇ ಈ ಫಲ ಸಿಗುತ್ತದೆಯೇ? ಅಮೆರಿಕದ ಎಲ್ವಿರಾ ಲ್ಯಾಂಗ್ ತಂಡ ಇದನ್ನೂ ಪರೀಕ್ಷಿಸಿತು. ಗಡ್ಡೆಗೆ ಹೋಗುವ ರಕ್ತನಾಳ ಮುಚ್ಚುವ, ಇಲ್ಲವೇ ಗಡ್ಡೆಯನ್ನು ಸುಟ್ಟು ನಾಶಮಾಡುವ ಚಿಕಿತ್ಸೆಗೆ ಬಂದವರನ್ನು ಮೂರು ಗುಂಪು ಮಾಡಿದರು. ಸಮ್ಮೋಹನ ಪಡೆದವರಲ್ಲಿ ಶೇ 12, ಎಂದಿನ ಆರೈಕೆ ಪಡೆದವರಲ್ಲಿ ಶೇ 26, ಬರೀ ಅಕ್ಕರೆಯ ಗಮನ ಪಡೆದವರಲ್ಲಿ ಶೇ 48 ಮಂದಿಗೆ ತೊಂದರೆಗಳು ಕಂಡುಬಂದವು. 2008ರಲ್ಲಿ ಪ್ರಕಟವಾದ ಈ ಫಲಿತಾಂಶ ಅನಿರೀಕ್ಷಿತ. ರೋಗಿಯ ಪಕ್ಕದಲ್ಲಿ ಕುಳಿತು ಸಮಾಧಾನ ಹೇಳುತ್ತ ಹೋದರೆ ಅವರು ತಮ್ಮೊಳಗಿನ ಬಲಕ್ಕೆ ಇಳಿಯುವ ಬದಲು ಹೊರಗಿನ ಆಸರೆಗೇ ಜೋತುಬೀಳುತ್ತಾರೇನೋ. ಒಳ್ಳೆಯ ಮನಸ್ಸಿದ್ದರೆ ಸಾಲದು, ಕಲಿತ ಕೌಶಲ ಬೇಕು ಎಂಬುದಂತೂ ಸ್ಪಷ್ಟ.

ಇನ್ನೊಂದು ಆಕರ್ಷಕ ವಾದವೂ ಇದೆ. ಪೂರ್ಣ ಅರಿವಳಿಕೆಯ ಮದ್ದುಗಳು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿ ಕ್ಯಾನ್ಸರ್ ಮರುಕಳಿಸಲು ದಾರಿ ಮಾಡುತ್ತವೆ, ಆದ್ದರಿಂದ ಅವನ್ನು ದೂರವಿಟ್ಟರೆ ಆಯುಷ್ಯ ಹೆಚ್ಚುತ್ತದೆ ಎಂಬುದು ಅದು. ಡೇನಿಯಲ್ ಸೆಸ್ಲರ್ ನೇತೃತ್ವದಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ 2,108 ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಎರಡು ಬಗೆಯ ಅರಿವಳಿಕೆಯನ್ನು ಹೋಲಿಸಿದವು. ಅನಿಲ ಮತ್ತು ಅಫೀಮು ಜಾತಿಯ ನೋವುನಿವಾರಕ ಒಂದು ಗುಂಪಿಗೆ, ನರದ ಬುಡಕ್ಕೆ ಕೊಡುವ ಅರಿವಳಿಕೆಯ ಜೊತೆ ಪ್ರೊಪೊಫಾಲ್ ಇನ್ನೊಂದು ಗುಂಪಿಗೆ. 2019ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪುಗಳಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಶೇ 10 ಮಂದಿಗೆ. ಇದು ಸಮ್ಮೋಹನದ ನೇರ ಪರೀಕ್ಷೆಯಲ್ಲ. ಆದರೆ ಅರಿವಳಿಕೆ ತಪ್ಪಿಸಿದರೆ ಕ್ಯಾನ್ಸರ್ ಮರಳುವುದಿಲ್ಲ ಎಂಬ ಆಸೆಯನ್ನು ರೋಗಿಯಲ್ಲಿ ಹುಟ್ಟಿಸುವುದು ಅನ್ಯಾಯ ಎನ್ನಲು ಇಷ್ಟು ಸಾಕು.

ಯಾರಿಗೆ ಸಲ್ಲುತ್ತದೆ, ಯಾರಿಗೆ ಸಲ್ಲದು

ಸೂಚನೆಗೆ ಸ್ಪಂದಿಸುವ ಗುಣ ಎಲ್ಲರಲ್ಲೂ ಸಮನಾಗಿಲ್ಲ. 1959ರಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ರೂಪುಗೊಂಡ ಮಾನದಂಡಗಳಿಂದ ಅಳೆದಾಗ ಕೆಲವರು ಬಹಳ ಆಳಕ್ಕೆ ಇಳಿಯುತ್ತಾರೆ, ಕೆಲವರು ಸ್ಪಂದಿಸುವುದೇ ಇಲ್ಲ, ಹೆಚ್ಚಿನವರು ನಡುವೆ ಇರುತ್ತಾರೆ. ಹಿಪ್ನೋಸೆಡೇಷನ್‌ನಲ್ಲಿ ಮದ್ದಿನ ಆಸರೆಯೂ ಇರುವುದರಿಂದ ನಡುವಿನವರಿಗೂ ಅದು ಒಗ್ಗುತ್ತದೆ. ಆದರೆ ಒಲ್ಲದವರನ್ನು ಒತ್ತಾಯಿಸುವಂತಿಲ್ಲ. ತೀವ್ರ ಮನೋರೋಗ ಅಥವಾ ಮರೆಗುಳಿ ರೋಗ ಇರುವವರಿಗೆ, ಮರಗಟ್ಟಿಸುವ ಮದ್ದಿಗೆ ಅಲರ್ಜಿ ಇರುವವರಿಗೆ, ಕಿವಿ ಕೇಳಿಸದವರಿಗೆ ಇದು ಸೂಕ್ತವಲ್ಲ. ಹೊಟ್ಟೆ, ಎದೆಗೂಡು ತೆರೆಯುವ ದೊಡ್ಡ ಶಸ್ತ್ರಚಿಕಿತ್ಸೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಸ್ತನದ ಗಡ್ಡೆ, ಕತ್ತಿನ ಗ್ರಂಥಿಗಳು, ಚರ್ಮದ ಗಡ್ಡೆಗಳು, ಆಯ್ದ ಮಿದುಳಿನ ಗಡ್ಡೆಗಳು: ಹೊರಮೈಗೆ ಹತ್ತಿರವಿರುವ, ಇಲ್ಲವೇ ರೋಗಿಯ ಎಚ್ಚರವೇ ಬೇಕಾಗಿರುವ ಶಸ್ತ್ರಚಿಕಿತ್ಸೆಗಳಿಗೆ ಇದು ಸಲ್ಲುತ್ತದೆ.

ನಮ್ಮಲ್ಲಿ ಇದರ ಬಗ್ಗೆ ಯೋಚಿಸುವಾಗ ಎರಡು ಸಂಗತಿ ಮುಖ್ಯ. ಒಂದು ಭಾಷೆ. ಇಲ್ಲಿ ಮಾತೇ ಚಿಕಿತ್ಸೆಯ ಭಾಗ. ಕನ್ನಡ ಮಾತ್ರ ಬಲ್ಲ ತಾಯಿಯೊಬ್ಬರನ್ನು ಅವರ ಊರಿನ ಕೆರೆ ಏರಿಗೋ ತವರಿನ ಜಾತ್ರೆಗೋ ಮನಸ್ಸಿನಲ್ಲಿ ಕರೆದೊಯ್ಯಬೇಕಾದವರಿಗೆ ಅವರ ಕನ್ನಡ ಬರಬೇಕು. ದುಭಾಷಿಯ ಮೂಲಕ ಈ ಕೆಲಸ ಆಗದು. ಇನ್ನೊಂದು, ಸಮ್ಮೋಹನದ ಹೆಸರಿನಲ್ಲಿ ನಡೆಯುವ ವ್ಯಾಪಾರ. ವಶೀಕರಣದ ಜಾಹೀರಾತುಗಳ ನಾಡಿನಲ್ಲಿ, ಮಾತಿನಿಂದಲೇ ಕ್ಯಾನ್ಸರ್ ಕರಗಿಸುತ್ತೇವೆ ಎನ್ನುವವರು ಹುಟ್ಟಿಕೊಳ್ಳಲು ತಡವಾಗುವುದಿಲ್ಲ. ಸಮ್ಮೋಹನ ಯಾವ ಗಡ್ಡೆಯನ್ನೂ ಕರಗಿಸುವುದಿಲ್ಲ. ಗಡ್ಡೆಯನ್ನು ತೆಗೆಯುವುದು ಶಸ್ತ್ರವೈದ್ಯರೇ. ಅದನ್ನು ತಾಳಿಕೊಳ್ಳಲು ರೋಗಿಗೆ ನೆರವಾಗುವುದಷ್ಟೇ ಇದರ ಕೆಲಸ. ಆ ನೆರವನ್ನು ಕೊಡಬೇಕಾದವರು ತರಬೇತಿ ಪಡೆದ ಅರಿವಳಿಕೆ ತಜ್ಞರು, ಕೊಡಬೇಕಾದ ಜಾಗ ಎಲ್ಲ ಸೌಕರ್ಯವಿರುವ ಆಪರೇಷನ್ ಥಿಯೇಟರ್.

ಹಾಗಾದರೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲಿ ಸಮ್ಮೋಹನವು ಪೂರ್ಣ ಅರಿವಳಿಕೆಗೆ ಬದಲಿಯೇ? ಆಯ್ದ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ, ಮನಸ್ಸಿರುವ ರೋಗಿಗೆ, ಮರಗಟ್ಟಿಸುವ ಮದ್ದು ಮತ್ತು ಹಗುರ ನೋವುನಿವಾರಕದ ಜೊತೆ ಸೇರಿದಾಗ ಹೌದು. ಒಂಟಿಯಾಗಿ ಅಲ್ಲ, ಎಲ್ಲರಿಗೂ ಅಲ್ಲ. ಆದರೆ ಅದರ ಪಾಠ ಈ ಕಿರಿದಾದ ವ್ಯಾಪ್ತಿಗಿಂತ ದೊಡ್ಡದು. ಹೂಗ್ಲಿಯ ಕೈದಿಗೆ ಏನು ನಡೆಯಲಿದೆ ಎಂದು ಹೇಳುವವರೇ ಇರಲಿಲ್ಲ. ಲೀಯೆಜ್‌ನ ರೋಗಿಯನ್ನು ಮೊದಲು ಕೇಳುತ್ತಾರೆ, ಅವರ ಒಪ್ಪಿಗೆಯೂ ಅವರ ನೆನಪೂ ಇಲ್ಲದೆ ಕೆಲಸ ಆರಂಭವೇ ಆಗುವುದಿಲ್ಲ. ಪೂರ್ಣ ಅರಿವಳಿಕೆಯೇ ಬೇಕಾದವರಿಗೂ ಇದರಲ್ಲಿ ಪಾಲಿದೆ: ಮುಂಚಿತವಾಗಿ ಕುಳಿತು ಮಾತಾಡುವ ಅರಿವಳಿಕೆ ತಜ್ಞರು, ಗದ್ದಲವಿಲ್ಲದ ಥಿಯೇಟರ್, ಮಾತು ಹೇಗಾಡಬೇಕು ಎಂಬ ತರಬೇತಿ ಪಡೆದ ಸಿಬ್ಬಂದಿ. ನಮ್ಮ ವೈದ್ಯಕೀಯ ಕಾಲೇಜುಗಳು ಅರಿವಳಿಕೆಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಮದ್ದಿನ ಪ್ರಮಾಣ ಕಲಿಸುವಷ್ಟೇ ಶ್ರದ್ಧೆಯಿಂದ ಈ ಮಾತಿನ ವಿದ್ಯೆಯನ್ನೂ ಕಲಿಸಬೇಕು. ಕ್ಯಾನ್ಸರ್ ಆಸ್ಪತ್ರೆಗಳು ನಮ್ಮದೇ ರೋಗಿಗಳಲ್ಲಿ, ನಮ್ಮದೇ ಭಾಷೆಗಳಲ್ಲಿ ಅದನ್ನು ಪ್ರಾಮಾಣಿಕವಾಗಿ ಪರೀಕ್ಷಿಸಿ, ಫಲಿಸಿದ್ದನ್ನೂ ಫಲಿಸದಿದ್ದನ್ನೂ ಪ್ರಕಟಿಸಬೇಕು.